ಕಾವಲಿನ ಕುರ್ಚಿ

ಆ ಹೆಂಗಸು ಬದುಕಬೇಕೆಂದು ಅವನಷ್ಟು ಆಸೆಪಟ್ಟವರು ಆ ಆಸ್ಪತ್ರೆಯಲ್ಲಿ ಇನ್ನೊಬ್ಬರಿರಲಿಲ್ಲ. ಕಟ್ಟಿಕೊಂಡ ಗಂಡನೂ ಅಷ್ಟು ಆಸೆಪಟ್ಟಿರಲಿಕ್ಕಿಲ್ಲ. ಆದರೆ ಆ ಆಸೆ ಯಾರ ಸಲುವಾಗಿ ಎಂದು ಯಾರಾದರೂ ತಿರುಗಿಸಿ ಕೇಳಿದ್ದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಎರಡನೆಯ ಮಹಡಿಯ ಉದ್ದನೆಯ ಓಣಿಯಲ್ಲಿ, ಸಾಲಾಗಿ ಬಿಗಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದರ ಅಂಚಿಗೆ ಕೂತು, ಮಡಿಲಲ್ಲಿ ಒಂದು ಬ್ರೆಡ್ಡು ಇಟ್ಟುಕೊಂಡಿದ್ದ. ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದು, ಹಣ್ಣು ತಗೊಂಡು ಹೋಗಿ ಎಂದು ಹೆಂಡತಿ ಹೇಳಿ ಕಳಿಸಿದ್ದಳು. ಹಣ್ಣಿನ ಅಂಗಡಿಯ ಮುಂದೆ ನಿಂತಾಗ ಯಾವ ಹಣ್ಣು ಎಂದು ತೋಚದೆ, ಕೈ ತನ್ನ ರೂಢಿಗೆ ತಾನು ಪಕ್ಕದ ಅಂಗಡಿಯಿಂದ ದಿನಾ ಸಾಗಿಸುವ ಕಾರ್ಖಾನೆಯ ಬ್ರೆಡ್ಡನ್ನೇ ಎತ್ತಿಕೊಂಡಿತ್ತು. ಓಣಿಗೆ ಬಂದು ಕೂತಮೇಲೆ ನೋಡುತ್ತಾನೆ, ಹೊದಿಕೆಯ ಮೇಲೆ ಅದೇ ದಪ್ಪ ನೀಲಿ ಅಕ್ಷರಗಳು, ಅವನು ಓಡಿಸಿ ಅವಳಿಗೆ ಗುದ್ದಿದ ವ್ಯಾನಿನ ಮೈಮೇಲಿದ್ದವೇ. ಅಕ್ಷರ ಕೆಳಗಾಗುವ ಹಾಗೆ ಮಗುಚಿ ಇಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಇನ್ನು ಬೇರೆ ಹೇಗಿರುತ್ತಾನೆ ಎಂದು ತನ್ನನ್ನೇ ಬೈದುಕೊಂಡ. ಹಾದುಹೋಗುತ್ತಿದ್ದವರು ಯಾರೂ ಅವನ ಮಡಿಲನ್ನು ನೋಡುತ್ತಿರಲಿಲ್ಲ.

ಆಸ್ಪತ್ರೆಯ ಕಡೆ ತಲೆ ಹಾಕಿಯೂ ಮಲಗಬೇಡ ಎಂದಿದ್ದರು ವಕೀಲರು. ಷಡ್ಡಕನ ಗುರುತಿನವರು, ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆದರೆ ಒಂದು ಮಾತನ್ನು ಮಾತ್ರ ಸೀದಾ ಹೇಳಿದ್ದರು. "ನೋಡಪ್ಪಾ, ಈಗ ಇರೋದು ಗಾಯದ ಕೇಸು. ದಂಡ ಹಾಕ್ತಾರೆ, ಬುದ್ಧಿ ಹೇಳ್ತಾರೆ, ಮನೆಗೆ ಹೋಗ್ತೀಯ. ಆಕೆ ಹೋಗಿಬಿಟ್ರೆ ಸಾವಿನ ಕೇಸು. ಆಗ ಒಳಗೆ ಹೋಗ್ತೀಯ." ಅವನು ಬೆವರೊರೆಸಿಕೊಂಡು ಕೇಳಿದ್ದ, "ರಕ್ತ ಹಾಕಿಸ್ಕೊಂಡ್ರೆ ಬದುಕ್ತಾರಂತೆ ಸಾರ್. ನಮ್ಮ ಪ್ರಾರ್ಥನಾ ಸಭೆಯ ಧರ್ಮದಲ್ಲಿ ಇಲ್ಲ, ಹಾಕಿಸ್ಕೊಳ್ಳಲ್ಲ ಅಂತ ಅವರೇ ಕೂತಿದ್ರೆ ಅದಕ್ಕೂ ನಾನೇ ಹೊಣೆನಾ?" ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಗಾಜಿನ ಲೋಟ ಬೀಳಿಸಿ, ಸ್ಟೀಲಿಂದಾಗಿದ್ರೆ ಒಡೀತಿರ್ಲಿಲ್ಲ ಸಾರ್ ಅಂದ್ರೆ ಯಾವ ಜಡ್ಜು ಕೇಳ್ತಾನೆ? ಗುದ್ದಿಸ್ಕೊಂಡೋರು ಹ್ಯಾಗಿದಾರೋ ಹಾಗೇ ಲೆಕ್ಕ. ಅವರ ಮೂಳೆ, ಅವರ ಕಾಯಿಲೆ, ಅವರ ದೇವರು, ಎಲ್ಲ ಸೇರಿಸಿ." ದೇವರನ್ನೂ ಸೇರಿಸಿ ಗುದ್ದಿದ್ದೇನಲ್ಲ ಎಂದು ಅವನು ಮನೆಗೆ ಬಂದು ಹೆಂಡತಿಗೆ ಹೇಳಿದಾಗ ನಗಲು ಹೋಗಿ ಅರ್ಧಕ್ಕೇ ಬಿಟ್ಟ. ಅವಳು ನಗಲಿಲ್ಲ. "ಹೋಗಿ ಅವರ ಕಾಲು ಹಿಡ್ಕೊಳ್ಳಿ," ಎಂದಳು, "ರಕ್ತ ಹಾಕಿಸ್ಕೊಳ್ಳಿ ಅಂತ ಬೇಡ್ಕೊಳ್ಳಿ. ನಿಮ್ಮ ಮಾನ ಹೋದ್ರೆ ಹೋಗ್ಲಿ, ನೀವು ಉಳೀರಿ." ಮಗಳು ಪಕ್ಕದ ಕೋಣೆಯಲ್ಲಿ ಜೋರಾಗಿ ಪಾಠ ಓದುತ್ತಿದ್ದವಳು ಅಷ್ಟು ಹೊತ್ತಿಗೆ ಓದು ನಿಲ್ಲಿಸಿದ್ದಳು.

ಕಾಲು ಹಿಡಿಯಲು ಬಂದವನಿಗೆ ಕುರ್ಚಿಯಿಂದ ಏಳಲು ಕಾಲು ಬರುತ್ತಿರಲಿಲ್ಲ. ಎದುರಿನ ಗೋಡೆಯಲ್ಲಿ ಎದೆಯೆತ್ತರಕ್ಕೆ ಒಂದು ಕಪ್ಪು ಗೆರೆ, ಗಾಲಿಮಂಚಗಳು ತಾಗಿ ತಾಗಿ ಆದದ್ದು, ಓಣಿಯ ಉದ್ದಕ್ಕೂ ಹೋಗಿತ್ತು. ಆ ಓಣಿಗೂ, ಗುದ್ದಿದ ಓಣಿಗೂ ಅಗಲ ಸುಮಾರು ಒಂದೇ. ಅವಳು ಕೆಲಸಕ್ಕಿದ್ದ ಕನ್ನಡಕದ ಅಂಗಡಿಯ ಹಿಂದಿನ ಓಣಿ. ದಿನಾ ಬೆಳಿಗ್ಗೆ ಮೂಲೆಯ ಹೋಟೆಲಿಗೆ ಬ್ರೆಡ್ಡು ಇಳಿಸಿ ವ್ಯಾನನ್ನು ಹಿಂದೆ ಹಿಂದೆ ತಂದು ರಸ್ತೆ ಸೇರುವುದು. ಕಣ್ಣು ಕಟ್ಟಿದರೂ ಬಂದೇನು ಎಂದು ಜಂಬ ಕೊಚ್ಚಿದ್ದೂ ಉಂಟು. ಆ ದಿನ ಕಣ್ಣು ಕಟ್ಟಿರಲಿಲ್ಲ, ಕುಡಿದಿರಲಿಲ್ಲ, ಫೋನಿನಲ್ಲಿರಲಿಲ್ಲ. ಪೊಲೀಸರು ಇದನ್ನೆಲ್ಲ ಕೇಳಿ ಬರೆದುಕೊಂಡಿದ್ದರು. ಹೋಟೆಲಿನವನು ಹೇಳಿದ ಒಂದು ತಮಾಷೆಗೆ ಇನ್ನೂ ನಗುತ್ತಿದ್ದ ಅಷ್ಟೆ, ನಗುತ್ತಿದ್ದವನು ಕನ್ನಡಿಯಲ್ಲಿ ತನ್ನ ಹಲ್ಲನ್ನು ನೋಡಿಕೊಂಡ. ಅವಳು ಮೂಗಿನ ಮೇಲೆ ಕೆಲಸದ ದಪ್ಪ ಗಾಜಿನ ಕನ್ನಡಕವಿಟ್ಟುಕೊಂಡೇ ಕಸದ ಬುಟ್ಟಿ ಚೆಲ್ಲಲು ಹಿಂಬಾಗಿಲಿನಿಂದ ಬಂದು ಬಗ್ಗಿದ್ದಳಂತೆ. ಸದ್ದೇನೂ ಜೋರಾಗಿರಲಿಲ್ಲ. ಒಳಗೆ ಟ್ರೇ ಜಾರಿತು ಎಂದುಕೊಂಡ. ಇಳಿದು ಹೋದವನು ಮೊದಲು ವ್ಯಾನಿನ ಹಿಂದಿನ ಕದ ತೆಗೆದು ಟ್ರೇಗಳನ್ನು ನೋಡಿದ. ಒಂದೂ ಜಾರಿರಲಿಲ್ಲ. ಸದ್ಯ ಎಂದುಕೊಂಡು ಕದ ಹಾಕಿದಮೇಲೆ, ಆಮೇಲೆ, ಕೆಳಗೆ ನೋಡಿದ್ದು. ಇದನ್ನು ಪೊಲೀಸರು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಆ "ಸದ್ಯ" ಎಂಬ ಮಾತು ಗಂಟಲಲ್ಲಿ ಬಿಸಿ ತುಪ್ಪದ ಹಾಗೆ ನಿಂತಿತ್ತು.

"ಮೂಲೆ ಹಾಸಿಗೇದು, ಸೊಂಟ ಮುರಿದಿರೋ ಹೆಂಗಸಿನ ಕಡೆಯವರು ಯಾರು? ಕೂತಿರೋ ತಾತನಿಗೆ ಸಾಕಾಗಿದೆಯಂತೆ, ಬೇರೆ ಯಾರಾದ್ರೂ ಬನ್ನಿ," ಎಂದು ನರ್ಸು ಬಾಗಿಲಿನಿಂದ ಕೂಗಿದಳು. ಯಾರೂ ಏಳಲಿಲ್ಲ. ಅವಳು ಇವನ ಮುಖ ನೋಡಿದಳು. "ನೀವಾ?" ಅಲ್ಲ ಎನ್ನಲು ಬಾಯಿ ತೆರೆದವನು ಹೂಂ ಎಂದ. ಎದ್ದು ಹೋಗುವಾಗ ಅನ್ನಿಸಿತು, ಸುಳ್ಳೇನಲ್ಲ, ಅವಳ ಕಡೆಯವನಾಗಿ ತನಗಿಂತ ಹತ್ತಿರದವರು ಈಗ ಯಾರಿದ್ದಾರೆ, ಅವಳ ಉಸಿರಿಗೂ ತನ್ನ ಮನೆಯ ಒಲೆಗೂ ಒಂದೇ ಗಂಟು ಬಿದ್ದಿದೆ.

ಮೂಲೆಯ ಹಾಸಿಗೆಯ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಊರುಗೋಲು ಹಿಡಿದ ಒಬ್ಬ ಹಿರಿಯರು ಕೂತಿದ್ದರು. ಇವನನ್ನು ಕಂಡದ್ದೇ ಅವರ ಮುಖ ಅರಳಿತು. "ಬಂದ್ಯಾ ತಮ್ಮಾ? ಆಚೆ ಬಡಾವಣೆ ಸಭೆಯಿಂದ ಒಬ್ಬರನ್ನ ಕಳಿಸ್ತೀವಿ ಅಂದಿದ್ರು, ಇನ್ನೂ ಬರ್ಲಿಲ್ಲವಲ್ಲ ಅಂತ ನೋಡ್ತಾ ಇದ್ದೆ. ಬೆಳಿಗ್ಗೆಯಿಂದ ಕೂತು ಮಂಡಿ ಹಿಡ್ಕೊಂಡ್ಬಿಟ್ಟಿದೆ." ಅವರಲ್ಲಿ ಹೀಗೊಂದು ಪದ್ಧತಿಯಿತ್ತು. ತಮ್ಮವರು ಯಾರೇ ಆಸ್ಪತ್ರೆ ಸೇರಿದರೂ, ಅವರಿಗೆ ಎಚ್ಚರ ತಪ್ಪಿದ ಹೊತ್ತಿನಲ್ಲಿ ಯಾರೂ ರಕ್ತ ಹಾಕದ ಹಾಗೆ ಪಾಳಿಯ ಮೇಲೆ ಒಬ್ಬೊಬ್ಬರು ಬಂದು ಕಾವಲು ಕೂರುತ್ತಿದ್ದರು. ಬಂದವನು ಸಂಕೋಚದ ಮುಖ ಹೊತ್ತು, ಒಗೆದ ಅಂಗಿ ತೊಟ್ಟು, ಕೈಯಲ್ಲಿ ಬ್ರೆಡ್ಡು ಹಿಡಿದಿದ್ದರೆ ಅವನು ತಮ್ಮವನಲ್ಲದೆ ಇನ್ನಾರು? ಹೆಸರು ಕೇಳುವುದು, ಗುರುತು ನೋಡುವುದು ಅವರಲ್ಲಿ ಅಣ್ಣತಮ್ಮಂದಿರನ್ನು ಅವಮಾನಿಸಿದ ಹಾಗೆ. ಹಿರಿಯರು ಕೋಲೂರಿ ಎದ್ದು, ಕುರ್ಚಿಯನ್ನು ಕೈಯಿಂದ ಒರೆಸಿ ತೋರಿಸಿದರು. "ಹೊಸದಾಗಿ ಏನು ತಂದು ನೇತು ಹಾಕಿದ್ರೂ ಇದೇನು ಅಂತ ಕೇಳ್ಬೇಕು. ಸಿಡಿಮಿಡಿ ಅಂತಾರೆ, ಅನ್ಲಿ. ಬಿಳೀದಾದ್ರೆ ಸುಮ್ಮನಿರು. ಕೆಂಪು ಬಂತಾ, ಎದ್ದು ನಿಂತ್ಕೊ. ಜಗಳ ಬೇಡ, ಎದ್ದು ನಿಂತ್ರೆ ಸಾಕು." ನಾನು ಅವನಲ್ಲ ಎಂಬ ಮಾತು ಇವನ ನಾಲಿಗೆಯ ತುದಿಯಲ್ಲೇ ಇತ್ತು. ಹಿರಿಯರು ಅವನ ಬೆನ್ನು ತಟ್ಟಿ, "ಒಳ್ಳೆ ಹುಡುಗ" ಎಂದು ಕೋಲು ಟಕ್ಕಟಕ್ಕೆನ್ನಿಸುತ್ತ ಹೊರಟುಹೋದರು. ನಲವತ್ತು ದಾಟಿದವನನ್ನು ಒಳ್ಳೆ ಹುಡುಗ ಎಂದು ಕರೆದವರು ಅವನ ನೆನಪಿಗೆ ಬರಲಿಲ್ಲ. ಅವನು ಕೂತ.

ಅವಳನ್ನು ಅವನು ಎಚ್ಚರದಲ್ಲಿ ನೋಡಿರಲೇ ಇಲ್ಲ. ಓಣಿಯಲ್ಲಿ ನೋಡಿದ್ದು ಬರೀ ಬೆನ್ನು, ಒಂದು ಚಪ್ಪಲಿ. ಈಗ ದಿಂಬಿನ ಮೇಲಿದ್ದ ಮುಖಕ್ಕೆ ಒಣಗಿದ ಹಿಟ್ಟಿನ ಬಣ್ಣ. ತುಟಿ ಎಲ್ಲಿ ಮುಗಿದು ಕೆನ್ನೆ ಎಲ್ಲಿ ಶುರುವಾಗುತ್ತದೆಂದು ಹುಡುಕಬೇಕಾಗಿತ್ತು. ಮೂಗಿನ ಎರಡೂ ಕಡೆ ಕನ್ನಡಕ ಕೂತು ಕೂತು ಬಿದ್ದ ಕುಳಿಗಳು ಮಾತ್ರ ಇನ್ನೂ ಕೆಲಸಕ್ಕೆ ಹೋಗುವ ಹೆಂಗಸಿನವಾಗಿದ್ದವು. ಅವಳು ಕಣ್ಣು ತೆರೆದಳು. "ಪಾಳಿ ಬದಲಾಯ್ತಾ?" ಎಂದಳು. ಅಷ್ಟೇ ಕೇಳಿಸಿಕೊಳ್ಳಲು ಅವನು ಬಗ್ಗಬೇಕಾಯಿತು. "ನೀವು ಹೊಸಬರು. ನಿಮ್ಮ ಕಣ್ಣು ನಾನು ನೋಡಿಲ್ಲ. ಅಂಗಡೀಲಿ ಹೆಸರು ಮರೀತೀನಿ, ಕಣ್ಣು ಮರೆಯಲ್ಲ. ಎಡಗಣ್ಣು ಸ್ವಲ್ಪ ಮಂದ ನಿಮಗೆ, ಗೊತ್ತಾ? ಗಾಡಿ ಗೀಡಿ ಓಡಿಸ್ತಿದ್ರೆ ತೋರಿಸ್ಕೊಳ್ಳಿ." ಅವನು ಗೊತ್ತಾಗಿಬಿಟ್ಟಿತು ಎಂದುಕೊಂಡ. ಅವಳಿಗೆ ಏನೂ ಗೊತ್ತಿರಲಿಲ್ಲ. ಕಸುಬಿನವರು ಎಲ್ಲರಿಗೂ ಹೇಳುವಂತೆ ಹೇಳಿದ್ದಳು ಅಷ್ಟೆ.

ಆಮೇಲೆ ಅವಳೇ ಮಾತು ತೆಗೆದಳು. "ಆ ಡ್ರೈವರಿನದ್ದೇ ಯೋಚನೆ ನನಗೆ. ಪಾಪ, ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರಲ್ಲ. ನಮ್ಮೋರಿಗೆ ಹೇಳಿದೀನಿ, ಅವನ ಮೇಲೆ ದೂರು ಗೀರು ಕೊಡಬೇಡಿ ಅಂತ." "ನೀವು ದೂರು ಕೊಡದಿದ್ರೂ..." ಎಂದವನಿಗೆ ತನ್ನ ದನಿ ಯಾರದೋ ಎನ್ನಿಸಿತು, "ನಿಮಗೆ ಏನಾದ್ರೂ ಆಗಿಬಿಟ್ರೆ ಅವನು ಜೈಲಿಗೆ ಹೋಗ್ತಾನೆ. ಕಾನೂನಿಗೆ ನಿಮ್ಮ ಕ್ಷಮೆ ಬೇಕಾಗಿಲ್ಲ." ಅವಳ ನೋಟ ಮೇಲಿನ ಫ್ಯಾನಿನ ಕಡೆ ಹೋಯಿತು. ಇದು ಅವಳಿಗೆ ಹೊಳೆದೇ ಇರಲಿಲ್ಲವೆಂದು ಕಾಣುತ್ತಿತ್ತು. ಅವನು ಬಿಡಲಿಲ್ಲ, ಬಿಟ್ಟರೆ ಮತ್ತೆ ಧೈರ್ಯ ಬರುತ್ತದೋ ಇಲ್ಲವೋ. "ಒಂದು ಸಲ ಹಾಕಿಸ್ಕೊಂಡ್ಬಿಟ್ರೆ? ದೇವರು ಅಷ್ಟು ಕಲ್ಲುಮನಸ್ಸಿನೋನಾ?" ಅವಳು ಅವನತ್ತ ತಿರುಗಿದಳು, ಕಣ್ಣಿನಲ್ಲಿ ನಗುವಿತ್ತು. "ಪರೀಕ್ಷೆ ಮಾಡ್ತಿದೀರಾ ಅಣ್ಣಾ? ಹಿರಿಯರು ಹೇಳಿ ಕಳಿಸಿದ್ರಾ? ಕೇಳಿ ಹಾಗಾದ್ರೆ. ಸಾಯೋದಕ್ಕೆ ನನಗೇನೂ ಆಸೆ ಇಲ್ಲ. ತಿಂಗಳ ಕೊನೆಗೆ ತಂಗಿ ಹೆರಿಗೆ, ಅಂಗಡೀಲಿ ರಾಶಿ ಕೆಲಸ, ಮನೇಲಿರೋ ಮನುಷ್ಯನಿಗೆ ಊರಿನ ಬೀಗ ಎಲ್ಲ ತೆಗೆಯೋಕೆ ಬರುತ್ತೆ, ತನ್ನ ಸಾಕ್ಸ್ ಎಲ್ಲಿದೆ ಅಂತ ಗೊತ್ತಿಲ್ಲ. ಆದ್ರೆ ರಕ್ತ ಅಂದ್ರೆ ಜೀವ. ಜೀವ ಕೊಟ್ಟೋನದು. ಇನ್ನೊಬ್ಬರ ಜೀವ ನನ್ನೊಳಗೆ ಸುರಿಸ್ಕೊಂಡು ಎದ್ದು ಕೂತ್ರೆ, ಎದ್ದು ಕೂತೋಳು ನಾನಲ್ಲ. ಬೇಡ. ಬರೆದು ಬೇಕಾದ್ರೂ ಕೊಡ್ತೀನಿ." ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಕಣ್ಣು ಮುಚ್ಚಿಕೊಂಡು, "ನಿದ್ದೆ ಬಂದ್ರೆ ಭಯ ಆಗುತ್ತೆ, ಎದ್ದೇಳೋ ಹೊತ್ತಿಗೆ ಏನು ಮಾಡಿಬಿಟ್ಟಿರ್ತಾರೋ ಅಂತ," ಎಂದಳು. "ಈಗ ನೀವಿದೀರಲ್ಲ. ಸ್ವಲ್ಪ ಮಲಗ್ತೀನಿ." ಅವಳ ಬೆರಳುಗಳು ಹೊದಿಕೆಯ ಮೇಲಿನಿಂದ ಕುರ್ಚಿಯ ಕೈಯವರೆಗೆ ಬಂದು, ಅದನ್ನು ಮುಟ್ಟಿ, ಅಲ್ಲೇ ಉಳಿದವು.

ಆ ಬೆರಳುಗಳನ್ನು ನೋಡುತ್ತ ಕೂತವನಿಗೆ ಅವಳ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಎಂಥ ಹೆಂಗಸು ಇವಳು. ಜೀವ ತನ್ನದಲ್ಲ ಎನ್ನುತ್ತಾಳೆ, ಆದರೆ ಅವನ ಜೀವವನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು ಮಲಗುತ್ತಾಳೆ. ತನ್ನ ದೇವರ ಮುಂದೆ ನೆಟ್ಟಗೆ ನಿಲ್ಲಲು ಅವಳು ಹೋಗುವುದು, ಜಡ್ಜಿನ ಮುಂದೆ ಬಗ್ಗಿ ನಿಲ್ಲಲು ಇವನು ಹೋಗುವುದು. ಹಾಗೆ ಸಿಟ್ಟು ಬಂದದ್ದಕ್ಕೆ ನಾಚಿಕೆಯಾಗಿ ಆ ಕಡೆ ತಿರುಗಿದರೆ, ಪಕ್ಕದ ಹಾಸಿಗೆಯ ಮುದುಕಿ ಇವನನ್ನೇ ನೋಡುತ್ತಿದ್ದಳು. ಅವನಿಗೆ ಹಳೆಯದೊಂದು ನೆನಪಾಯಿತು. ಚಿಕ್ಕವನಾಗಿದ್ದಾಗ ಒಮ್ಮೆ ಅವ್ವ ಆಟ ಆಡುತ್ತಿದ್ದವನನ್ನು ಕರೆದು, ತಂಗಿ ಮಲಗಿದ್ದಾಳೆ ನೋಡ್ಕೊ, ಈಗ ಬಂದೆ ಎಂದು ಹೋಗಿದ್ದಳು. ತೊಟ್ಟಿಲ ಪಕ್ಕ ಕೂತು, ಕೂತದ್ದಕ್ಕೇ ತಾನು ದೊಡ್ಡ ಮನುಷ್ಯನಾದೆ ಎನ್ನಿಸಿ, ನೊಣ ಓಡಿಸುತ್ತ ಓಡಿಸುತ್ತ ತಂಗಿಯ ಮೂಗಿಗೇ ಏಟು ಬಿದ್ದಿತ್ತು. ಮಗು ಕಿರುಚಿಕೊಂಡದ್ದು, ಅವ್ವ ಓಡಿಬಂದು ಏನು ಮಾಡಿದೆ ಎಂದು ಕೇಳಿದ್ದು, ನೊಣ ಎಂದಿದ್ದು. ಹಾಸಿಗೆಯಲ್ಲಿದ್ದವಳ ಉಸಿರು ಈಗ ಮೇಲೆ ಮೇಲೆ ಆಡುತ್ತಿತ್ತು. ಅದು ನಿದ್ದೆಯ ಉಸಿರಾಗಿರಲಿಲ್ಲ.

ಗಂಡ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಮೊದಲ ದಿನ ಠಾಣೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದರು, ಮರೆಯುವ ಮುಖಗಳಾಗಿರಲಿಲ್ಲ. ಬೀಗ ರಿಪೇರಿಯವನು, ಸಣಕಲ, ಬೆರಳಿನ ಸಂದುಗಳಲ್ಲಿ ತೊಳೆದರೂ ಹೋಗದ ಎಣ್ಣೆಯ ಕಪ್ಪು. ಇವನು ಎದ್ದು ನಿಂತ, ಹೊಡೆದರೆ ಹೊಡೆಯಲಿ ಎಂದು. ಅವನು ಹತ್ತಿರ ಬಂದು ಹೆಂಡತಿಯ ಹಣೆ ಮುಟ್ಟಿ ನೋಡಿ, ಕುರ್ಚಿ ನೋಡಿ, ಇವನನ್ನು ನೋಡಿದ. "ನಿನ್ನನ್ನ ಕೂರಿಸಿದ್ದು ಯಾರು?" "ಹಿರಿಯರು. ನಾನು ಯಾರು ಅಂತ ಅವರು ಕೇಳ್ಲಿಲ್ಲ." ಬೀಗದವನು ತಲೆಯಾಡಿಸಿದ. ಹಾಗೆ ಆಗಬಲ್ಲದೆಂದು ಅವನಿಗೆ ಗೊತ್ತಿದ್ದ ಹಾಗಿತ್ತು. ಹಾಸಿಗೆಯ ಕಾಲ ಕಡೆ ಕುಕ್ಕರಿಸಿ ಕೂತು, ಇವನು ಮೇಜಿನ ಮೇಲಿಟ್ಟಿದ್ದ ಬ್ರೆಡ್ಡನ್ನು ಕಂಡು, "ಇದು ಯಾರ್ದು? ನಿನ್ನೆಯಿಂದ ಏನೂ ತಿಂದಿಲ್ಲ," ಎಂದು ಅದರ ಪ್ಲಾಸ್ಟಿಕ್ ಹೊದಿಕೆ ಕಿತ್ತು ತುಂಡು ತುಂಡಾಗಿ ತಿನ್ನತೊಡಗಿದ. ನೀಲಿ ಅಕ್ಷರಗಳು ಅವನ ಮುಷ್ಟಿಯಲ್ಲಿ ಮುದ್ದೆಯಾದವು. ತಿನ್ನುತ್ತಲೇ, ತಲೆಯೆತ್ತದೆ, ಮಾತಾಡಿದ.

"ಎಚ್ಚರ ತಪ್ಪಿದೆ. ನಿದ್ದೆ ಅಲ್ಲ ಅದು. ಈಗ ಡಾಕ್ಟರ್ ಬರ್ತಾರೆ. ಬೇರೆ ಡಾಕ್ಟರ್, ಹೊಸಬರು, ಯಾರು ಯಾರು ಅಂತ ಅವರಿಗೆ ಗೊತ್ತಿಲ್ಲ. ಹತ್ತಿರದೋರು ಒಬ್ಬರು ಹೂಂ ಅಂದ್ರೆ ಹಾಕಿಬಿಡ್ತೀನಿ ಅಂತ ನನ್ನ ಹತ್ರ ಹೇಳಿದಾರೆ." ಬ್ರೆಡ್ಡು ಗಂಟಲಿಗೆ ಸಿಕ್ಕಿ ಕೆಮ್ಮಿದ. "ನಾನು ಅನ್ನೋದಕ್ಕಾಗಲ್ಲ. ಸಭೆ ನನ್ನನ್ನ ಹೊರಗೆ ಹಾಕುತ್ತೆ, ಹಾಕ್ಲಿ. ಇವಳು ಎದ್ದ ಕೂಡಲೆ ಕೇಳೋದು ಒಂದೇ ಮಾತು, ನೀನು ಹೂಂ ಅಂದ್ಯಾ ಅಂತ. ಇವಳ ಮುಂದೆ ನನಗೆ ಸುಳ್ಳು ಬರಲ್ಲ. ಮದುವೆಯಾದಾಗಿನಿಂದ ಬಂದಿಲ್ಲ." ಇವನು ಕೇಳಿದ, "ಅದಕ್ಕೆ?" "ನೀನು ಅನ್ನು. ಅಣ್ಣ ಅಂತ ಹೇಳು. ನಾನು ಕೆಳಗೆ ಮೆಟ್ಟಿಲ ಹತ್ರ ಹೋಗಿ ಪ್ರಾರ್ಥನೆ ಮಾಡ್ತಿರ್ತೀನಿ." "ಅವರು ನನಗೆ ಈಗ ತಾನೆ ಬಾಯಿಬಿಟ್ಟು ಬೇಡ ಅಂದಿದಾರೆ. ನನ್ನನ್ನ ನಂಬಿ ಮಲಗಿದಾರೆ." "ನನಗೆ ದಿನಾ ಅಂದಿದಾಳೆ," ಎಂದ ಬೀಗದವನು. ಆಮೇಲೆ ತಲೆಯೆತ್ತಿದ. ಅವನ ಕೆನ್ನೆ ಒದ್ದೆಯಾಗಿತ್ತು, ತುಟಿಯ ಮೇಲೆ ಬ್ರೆಡ್ಡಿನ ಪುಡಿಯಿತ್ತು. "ನಿನ್ನ ಕೈಲಿ ಏನೂ ಕೇಳಿಲ್ಲ ನಾನು. ಠಾಣೇಲಿ ಒಂದು ಮಾತು ಬೈದಿಲ್ಲ. ಏನಾದ್ರೂ ಕೊಡಬೇಕು ಅಂತ ನಿನಗಿದ್ರೆ ಇದೊಂದು ಕೊಡು." ಹೇಳಿ ಎದ್ದು, ಮಡಿಲ ಪುಡಿ ಕೊಡವಿ, ಹೆಂಡತಿಯ ಕಡೆ ನೋಡದೆ ಹೊರಗೆ ಹೋದ.

ಆಗಲೇ ಅವನೂ ಎದ್ದು ಹೋಗಬಹುದಿತ್ತು. ಮೆಟ್ಟಿಲು ಇನ್ನೊಂದು ಕಡೆಗೂ ಇತ್ತು. ಹೋದರೆ ಅವಳು ಸಾಯುತ್ತಾಳೆ, ತಾನು ಒಳಗೆ ಹೋಗುತ್ತೇನೆ. ಹೂಂ ಎಂದರೆ ಅವಳು ಬದುಕುತ್ತಾಳೆ, ತಾನು ಉಳಿಯುತ್ತೇನೆ, ಗಂಡ ಉಳಿಯುತ್ತಾನೆ, ಬಸುರಿ ತಂಗಿಗೆ ಅಕ್ಕ ಉಳಿಯುತ್ತಾಳೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು. ಎಲ್ಲರಿಗೂ ಒಳ್ಳೆಯದೇ ಆದ ಒಂದು ಮಾತು ಹೇಳುವುದಕ್ಕೆ ಇಷ್ಟು ಭಯವೇಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವಳ ಬೆರಳು ಇನ್ನೂ ಕುರ್ಚಿಯ ಕೈಯ ಮೇಲಿತ್ತು. ಅದನ್ನು ಮೆಲ್ಲಗೆ ಎತ್ತಿ ಹೊದಿಕೆಯ ಒಳಗಿಟ್ಟ. ತಣ್ಣಗಿತ್ತು.

ಡಾಕ್ಟರು ಸಣ್ಣ ವಯಸ್ಸಿನವರು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ರೋಗಿಯ ಕಣ್ಣರೆಪ್ಪೆ ಎತ್ತಿ ನೋಡಿದವರೇ, "ಇವರಿಗೆ ನೀವೇನಾಗಬೇಕು?" ಎಂದರು. "ಅಣ್ಣ." "ನಿನ್ನೆ ಬೇಡ ಅಂದಿದಾರಂತೆ. ದೊಡ್ಡ ಡಾಕ್ಟರ್ ಬರೆದಿಟ್ಟಿದಾರೆ. ಈಗ ಪ್ರಜ್ಞೆ ಇಲ್ಲ, ಕೇಳೋ ಹಾಗಿಲ್ಲ. ಸಂಜೆವರೆಗೂ ಹೀಗೇ ಬಿಟ್ರೆ ಉಳಿಯಲ್ಲ. ನನಗೆ ಒಂದು ಬಾಯಿ ಬೇಕು. ಹಾಕಿ ಅಂತ ಹೇಳೋ ಒಂದು ಬಾಯಿ. ಆಮೇಲೇನಾದ್ರೂ ಮನಸ್ಸು ಬದಲಾಯಿಸಿದ್ರಾ? ನಿಮ್ಮ ಹತ್ರ ಏನಾದ್ರೂ ಹೇಳಿದ್ರಾ?" ಹೂಂ ಅನ್ನುವುದು ಒಂದೇ ಮಾತು ಎಂದುಕೊಂಡಿದ್ದ, ಎರಡು ಸುಳ್ಳು ಬೇಕೆಂದು ಗೊತ್ತಿರಲಿಲ್ಲ. ಡಾಕ್ಟರು ಅವನ ಮುಖವನ್ನಲ್ಲ, ಅವನ ಬಾಯಿಯನ್ನು ನೋಡುತ್ತಿದ್ದರು. ಅವರಿಗೂ ಅವನ ಸುಳ್ಳು ಬೇಕಾಗಿತ್ತು. ಬ್ರೇಕಿನ ಮೇಲೆ ಕಾಲು ತಾನಾಗಿ ಬೀಳುವ ಹಾಗೆ ಮಾತು ಹೊರಬಂತು. "ಹೇಳಿದ್ರು. ಹಾಕಿಸ್ಕೊಳ್ತೀನಿ ಅಂದ್ರು. ಹಾಕಿ." ಡಾಕ್ಟರು ತೋರಿಸಿದ ಕಡೆ ಸಹಿ ಹಾಕಿದ. ಅಕ್ಷರ ತನ್ನದೇ ಎಂದು ಗುರುತು ಹತ್ತದ ಹಾಗಿತ್ತು.

ನರ್ಸು ಚೀಲ ತಂದು ಕೊಕ್ಕೆಗೆ ಸಿಗಿಸುವಾಗ ಅವನು ಎದ್ದು ನಿಂತ. ಕಾಲು ತಾವಾಗಿಯೇ ಎದ್ದವು. "ಇದೇನು?" ಎಂದ. "ಇನ್ನೇನು, ರಕ್ತ," ಎಂದಳು ನರ್ಸು, "ನೀವೇ ತಾನೆ ಹಾಕಿ ಅಂದಿದ್ದು. ಕೂತ್ಕೊಳ್ಳಿ, ತಲೆ ತಿರುಗಿ ಬಿದ್ದೀರಿ." ಅವನು ಕೂತ. ಸಣ್ಣ ಕೊಳವೆಯಲ್ಲಿ ಕೆಂಪು ಇಳಿದು, ತಿರುವಿನಲ್ಲಿ ಒಂದು ಕ್ಷಣ ನಿಂತು, ಮತ್ತೆ ಇಳಿದು ಅವಳ ಮೊಣಕೈಯ ಒಳಗೆ ಸೇರಿತು. ಅವನಿಗೆ ಸುಖವಾಯಿತು. ಇದನ್ನು ಅವನು ಆಮೇಲೆ ಎಷ್ಟು ಒದ್ದು ಹೊರಹಾಕಲು ನೋಡಿದರೂ ಹೋಗಲಿಲ್ಲ: ಸುಖವಾಯಿತು, ಬಹಳ ದಿನದ ಮೇಲೆ ಹೊಟ್ಟೆ ಹಸಿಯಿತು, ಮಗಳ ಮುಖ ಕಣ್ಣ ಮುಂದೆ ಬಂತು. ಸದ್ಯ, ಎಂದುಕೊಂಡ. ಅಂದುಕೊಂಡದ್ದೇ ಚೀಲದಿಂದ ಕಣ್ಣು ತೆಗೆದು ನೆಲ ನೋಡತೊಡಗಿದ. ಎರಡನೆಯ ಚೀಲ ಬಂದಾಗ ಅವನು ಏನೂ ಕೇಳಲಿಲ್ಲ.

ಓಡಿಹೋಗುವುದಕ್ಕೆ ಮಧ್ಯಾಹ್ನವೆಲ್ಲ ಇತ್ತು. ಅವಳ ತುಟಿಗೆ ಬಣ್ಣ ಬರುವುದನ್ನು ನೋಡಿ ಹೋದರಾಯಿತು ಎಂದುಕೊಂಡ. ಬಣ್ಣ ಬಂತು, ರೆಪ್ಪೆ ಅಲುಗುವುದನ್ನು ನೋಡಿ ಹೋದರಾಯಿತು ಎಂದುಕೊಂಡ. ಕಾಯಲು ಕೂತವನು ನಡುವೆ ಎದ್ದು ಹೋಗುವುದು ಹೇಗೆ ಎಂದೂ ಒಂದು ಸಲ ಅನ್ನಿಸಿತು, ಆಗ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕಿಟಕಿಯ ಬಿಸಿಲು ಗೋಡೆಯಿಂದ ಹಾಸಿಗೆಗೆ ಇಳಿದು ಚೀಲದ ಮೇಲೆ ಬಿದ್ದಾಗ ಅವಳು ಕಣ್ಣು ತೆರೆದಳು. ಮೊದಲು ಕಂಡದ್ದು ಅದು. ಕೊಳವೆಯ ಗುಂಟ ನೋಟ ಇಳಿಸುತ್ತ ತನ್ನ ಕೈಯವರೆಗೆ ಬಂದಳು, ಆಮೇಲೆ ಕುರ್ಚಿಯನ್ನು ನೋಡಿದಳು. ಕೂಗಲಿಲ್ಲ, ಕೊಳವೆಗೆ ಕೈ ಹಾಕಲಿಲ್ಲ. "ನೀವು ಎದ್ದು ಹೊರಗೆ ಹೋಗಿದ್ರಾ ಅಣ್ಣಾ?" ಎಂದು ಕೇಳಿದಳು. ಹೋಗಿದ್ದೆ ಎಂದರೆ ಮುಗಿಯುತ್ತಿತ್ತು. ಅವಳೇ ಅವನಿಗೆ ಒಂದು ಬಾಗಿಲು ತೆರೆದು ಹಿಡಿದಿದ್ದಳು. ಇವತ್ತಿಗೆ ಮೂರನೆಯ ಸುಳ್ಳು ಅದೊಂದು ಅವನ ಬಾಯಿಂದ ಬರಲಿಲ್ಲ. "ಇಲ್ಲ," ಎಂದ, "ಇಲ್ಲೇ ಇದ್ದೆ."

ಅಷ್ಟು ಹೊತ್ತಿಗೆ ಎಲ್ಲರೂ ಒಟ್ಟಿಗೆ ಬಂದರು. ಕೋಲಿನ ಹಿರಿಯರು, ಅವರ ಹಿಂದೆ ಕೆಲಸದಲ್ಲಿ ರಜೆ ಸಿಗದೆ ತಡವಾಗಿ ಬಂದ ನಿಜವಾದ ಪಾಳಿಯವನು, ಅವರೆಲ್ಲರ ಹಿಂದೆ ಬೀಗದವನು. ರೋಗಿಗೆ ಎಚ್ಚರವಾದಾಗ ಹೇಳಿಕೆ ಬರೆದುಕೊಳ್ಳಬೇಕೆಂದು ಅಲೆಯುತ್ತಿದ್ದ ಪೊಲೀಸಿನವನೂ ಅವರ ಜೊತೆಗೇ ಒಳಗೆ ಬಂದ. ಹಿರಿಯರು ಚೀಲ ನೋಡಿದರು, ಇವನನ್ನು ನೋಡಿದರು, ಕೋಲು ಅವರ ಕೈಯಿಂದ ಜಾರಿತು. ಎತ್ತಿಕೊಡಲು ಬಗ್ಗಿದವನನ್ನು ಬೇಡ ಎಂದು ಕೈಯಲ್ಲೇ ತಡೆದರು. "ಇವನು ನಮ್ಮವನಲ್ಲ," ಎಂದ ಬೀಗದವನು. ಕಣ್ಣು ನೆಲ ನೋಡುತ್ತಿತ್ತು. "ಇವನೇ ಆ ವ್ಯಾನಿನ ಡ್ರೈವರ್. ನಾನು ಪ್ರಾರ್ಥನೆಗೆ ಹೋಗಿದ್ದಾಗ ಅಣ್ಣ ಅಂತ ಸುಳ್ಳು ಹೇಳಿ ಸಹಿ ಹಾಕಿದಾನೆ. ತನ್ನ ಕೇಸು ಉಳಿಸ್ಕೊಳ್ಳೋಕೆ." ಹೇಳಿದ್ದರಲ್ಲಿ ಸುಳ್ಳೆನ್ನುವ ಒಂದು ಮಾತೂ ಇರಲಿಲ್ಲ. ಒಂದು ಸಲ ಮಾತ್ರ ಬೀಗದವನ ಕಣ್ಣು ಮೇಲೆದ್ದು ಇವನ ಕಣ್ಣಿಗೆ ಸಿಕ್ಕಿ, ಬಿಟ್ಟುಬಿಡು ಎಂದು ಬೇಡಿಕೊಂಡು ಮತ್ತೆ ಕೆಳಗಾಯಿತು. ಇವನು ಬಿಟ್ಟುಬಿಟ್ಟ. ಗೋಡೆಗೆ ಸರಿದು, ಬಾಗಿಲ ಹತ್ತಿರ ಹೋಗಿ ನಿಂತ.

ಪೊಲೀಸಿನವನಿಗೆ ಇದರ ತಲೆಬುಡ ಹತ್ತಲಿಲ್ಲ. ಆ ಕಬ್ಬಿಣದ ಕುರ್ಚಿಯನ್ನೇ ಎಳೆದುಕೊಂಡು ಕೂತ. "ಅಮ್ಮಾ, ನಿಮಗೆ ಮಾತಾಡೋಕಾಗುತ್ತಾ? ವ್ಯಾನು ಗುದ್ದಿದ್ದು ಹ್ಯಾಗೆ ಅಂತ ಹೇಳಿ ಸಾಕು." ಅವಳು ಬಾಗಿಲ ಕಡೆ ನೋಡಿದಳು. ಮಂದವಾದ ಎಡಗಣ್ಣಿನವನನ್ನು ಈಗ ಎಲ್ಲ ತಿಳಿದು ನೋಡಿದಳು. ಅವನು ಅವಳ ಕಣ್ಣಿನಲ್ಲಿ ದ್ವೇಷ ಹುಡುಕಿದ. ಸಿಕ್ಕಿದ್ದರೆ ಹಿಡಿದುಕೊಳ್ಳಲು ಏನಾದರೊಂದು ಆಗುತ್ತಿತ್ತು.

"ವ್ಯಾನು ಗುದ್ದಿದ್ದು ಯಾರೂ ಬೇಕು ಅಂತ ಮಾಡಿದ್ದಲ್ಲ," ಎಂದಳು. "ನಾನೂ ನೋಡದೆ ಬಗ್ಗಿದ್ದೆ. ಅದಕ್ಕೆ ನನ್ನ ದೂರು ಇಲ್ಲ. ಹಾಗೇ ಬರ್ಕೊಳ್ಳಿ."

"ಸರಿ. ದೂರು ಇಲ್ಲ," ಎಂದು ಬರೆದು ಪೊಲೀಸಿನವನು ಪೆನ್ನು ಮುಚ್ಚಲು ಹೋದ.

"ಇನ್ನೊಂದಿದೆ. ನಾನು ಬೇಡ ಅಂದಿದ್ದನ್ನ, ನಾನು ಮಲಗಿದ್ದಾಗ, ನನ್ನ ಮೈಯೊಳಗೆ ಹಾಕಿದಾರೆ. ನಾನು ಬೇಕು ಅಂದೆ ಅಂತ ಸುಳ್ಳು ಹೇಳಿದಾರೆ. ಅದಕ್ಕೆ ದೂರಿದೆ."

"ಏನಮ್ಮಾ ಇದು, ಪ್ರಾಣ ಉಳಿಸಿದ್ದಕ್ಕೆ ಯಾರಾದ್ರೂ ಕೇಸು ಹಾಕ್ತಾರಾ? ಇವರು ಹಾಕಿಸದೇ ಇದ್ದಿದ್ರೆ ನೀವು ಈಗ ಇಲ್ಲಿ ಮಾತಾಡ್ತಾ ಇರ್ತಿರಲಿಲ್ಲ."

"ಗೊತ್ತು," ಎಂದಳು. "ಬರ್ಕೊಳ್ಳಿ. ಇವರ ಹೆಸರು ನನಗೆ ಗೊತ್ತಿಲ್ಲ. ಕೇಳಿರ್ಲಿಲ್ಲ. ಅಣ್ಣ ಅಂದಿದ್ದೆ."

ಪೊಲೀಸಿನವನು ತಿರುಗಿ ಇವನನ್ನು ಹೆಸರು ಕೇಳಿದ. ಇವನು ಹೇಳಿದ. ಅವಳು ಇನ್ನೂ ಹೇಳುತ್ತಲೇ ಇದ್ದಳು, ಎಷ್ಟು ಹೊತ್ತಿಗೆ ಬೇಡ ಎಂದದ್ದು, ಯಾವ ಮಾತಿನಲ್ಲಿ ಎಂದದ್ದು, ಎಲ್ಲವನ್ನೂ ಬಿಡಿಸಿ ಬಿಡಿಸಿ, ಎಲ್ಲೂ ಉಸಿರು ಕಟ್ಟದೆ. ರಕ್ತ ಹಾಕುವ ಮೊದಲು ಅವಳ ಮಾತಿಗೆ ಅವನು ಕಿವಿಯನ್ನು ತುಟಿಯ ಹತ್ತಿರ ಒಯ್ಯಬೇಕಾಗಿತ್ತು. ಈಗ ಬಾಗಿಲಲ್ಲಿ ನಿಂತವನಿಗೂ ಒಂದೊಂದು ಅಕ್ಷರವೂ ಕೇಳುತ್ತಿತ್ತು.